ನೆಗ್ಗಿಲು ಯಾವುದು, ಆನೆ ನೆಗ್ಗಿಲು ಯಾವುದು?

ಬೇಸಿಗೆ ಕಾಲಿಟ್ಟರೆ ಸಾಕು, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟದ ಕಡೆಯ ಮನೆಗಳಲ್ಲಿ ಒಂದು ಮಾತು ಮತ್ತೆ ಮತ್ತೆ ಕೇಳಿಬರುತ್ತದೆ: "ಉರಿಮೂತ್ರವೇ? ನೆಗ್ಗಿಲು ಮುಳ್ಳು ಕುದಿಸಿ ಕುಡಿ, ಹೋಗುತ್ತೆ." ಹೊಟ್ಟೆಯ ಸ್ಕ್ಯಾನಿಂಗ್ ಮಾಡಿಸಿ ಮೂತ್ರಪಿಂಡದಲ್ಲಿ ಕಲ್ಲಿದೆಯೆಂದು ತಿಳಿದವರಿಗಂತೂ ಈ ಸಲಹೆ ಹತ್ತು ಕಡೆಯಿಂದ ಬರುತ್ತದೆ. ಸಲಹೆ ಕೊಡುವವರ ಮನಸ್ಸು ಒಳ್ಳೆಯದೇ. ಗಿಡವೂ ಕೆಟ್ಟದ್ದಲ್ಲ. ಆದರೆ ಅಂಗಡಿಯಿಂದ ತಂದ ಪೊಟ್ಟಣದಲ್ಲಿರುವುದು ಯಾವ ನೆಗ್ಗಿಲು, ಅದನ್ನು ಎಷ್ಟು, ಎಷ್ಟು ದಿನ, ಯಾವ ನೀರಿನಲ್ಲಿ ಕುದಿಸಿ ಕುಡಿಯಬೇಕು, ಯಾವಾಗ ನಿಲ್ಲಿಸಿ ಆಸ್ಪತ್ರೆಗೆ ಓಡಬೇಕು ಎಂಬುದನ್ನು ಕೇಳುವವರು ಕಡಿಮೆ. ಈ ವಾರ ಅದನ್ನೇ ನೋಡೋಣ.

ಮೊದಲಿಗೆ ಹೆಸರಿನ ಗೊಂದಲ. ನೆಗ್ಗಿಲು ಎಂಬ ಹೆಸರಿನಲ್ಲಿ ಎರಡು ಬೇರೆ ಬೇರೆ ಗಿಡಗಳಿವೆ. ಒಂದು ನಮ್ಮ ಹೊಲ, ಹಾದಿ, ಕಣದ ಅಂಚಿನಲ್ಲೆಲ್ಲ ನೆಲಕ್ಕೆ ಹಬ್ಬಿ, ಬರಿಗಾಲಿಗೂ ಸೈಕಲ್ ಟೈರಿಗೂ ಚುಚ್ಚುವ ಸಣ್ಣ ನೆಗ್ಗಿಲು. ಸಸ್ಯಶಾಸ್ತ್ರದಲ್ಲಿ ಇದು ಟ್ರಿಬ್ಯುಲಸ್ ಟೆರೆಸ್ಟ್ರಿಸ್, ಸಂಸ್ಕೃತದಲ್ಲಿ ಗೋಕ್ಷುರ. ಇನ್ನೊಂದು ಆನೆ ನೆಗ್ಗಿಲು, ಪೆಡಾಲಿಯಂ ಮ್ಯೂರೆಕ್ಸ್. ಇದು ಮೂಲತಃ ಮರಳು ನೆಲದ ಗಿಡ. ಗುಜರಾತಿನ ತೀರದಿಂದ ಹಿಡಿದು ತಮಿಳುನಾಡು, ಆಂಧ್ರದ ಕೋರಮಂಡಲ ತೀರದವರೆಗೆ ಕಡಲಂಚಿನ ಮರಳಿನಲ್ಲಿ ಹುಲುಸಾಗಿ ಬೆಳೆಯುತ್ತದೆ. ನಂದಿ ಬೆಟ್ಟದ ಸಾಲಿನಲ್ಲಿ ಹುಟ್ಟಿ ಗೌರಿಬಿದನೂರನ್ನು ಹಾದುಹೋಗುವ ನಮ್ಮ ಉತ್ತರ ಪಿನಾಕಿನಿ ಕೊನೆಗೆ ನೆಲ್ಲೂರು ಜಿಲ್ಲೆಯಲ್ಲಿ ಕಡಲು ಸೇರುವುದು ಇದೇ ತೀರದಲ್ಲಿ. ಒಳನಾಡಿನ ಒಣ ಪ್ರದೇಶಗಳಲ್ಲಿಯೂ ಆನೆ ನೆಗ್ಗಿಲು ಅಲ್ಲಲ್ಲಿ ಕಾಣಿಸುವುದುಂಟು. ಆದರೆ ಸಣ್ಣ ನೆಗ್ಗಿಲಿನಷ್ಟು ಧಾರಾಳವಾಗಿ ಅಲ್ಲ.

ಗಡಿ ಭಾಗದ ನಮ್ಮ ಜನಕ್ಕೆ ತೆಲುಗಿನ ಹೆಸರುಗಳೂ ಬಾಯಲ್ಲಿವೆ. ಸಣ್ಣದನ್ನು ಪಲ್ಲೇರು ಎಂದೂ ದೊಡ್ಡದನ್ನು ಏನುಗು ಪಲ್ಲೇರು ಎಂದೂ ಕರೆಯುತ್ತಾರೆ. ತಮಿಳಿನಲ್ಲಿ ನೆರುಂಜಿ, ಆನೈ ನೆರುಂಜಿ. ಮೂರು ಭಾಷೆಯವರೂ ದೊಡ್ಡದಕ್ಕೆ ಆನೆಯ ಹೆಸರನ್ನೇ ಸೇರಿಸಿದ್ದಾರೆಂಬುದು ಗಮನಿಸಬೇಕಾದ ಸಂಗತಿ. ಹಳಬರಿಗೆ ಎರಡೂ ಬೇರೆಯೆಂದು ಚೆನ್ನಾಗಿ ಗೊತ್ತಿತ್ತು. ಗೊಂದಲ ಬಂದದ್ದು ಗಿಡ ನೋಡುವುದನ್ನು ಬಿಟ್ಟು ಪೊಟ್ಟಣ ಕೊಳ್ಳುವುದನ್ನು ಕಲಿತ ಮೇಲೆ.

ಗುರುತಿಸುವುದು ಹೇಗೆ?

ಸಣ್ಣ ನೆಗ್ಗಿಲು ನೆಲಕ್ಕೆ ಅಂಟಿಕೊಂಡು ನಾಲ್ಕೂ ದಿಕ್ಕಿಗೆ ಕವಲೊಡೆದು ಹರಡುತ್ತದೆ. ಎಲೆಯನ್ನು ನೋಡಿದರೆ ಹುಣಿಸೆ ಎಲೆಯ ನೆನಪಾಗುತ್ತದೆ. ಒಂದು ಕಡ್ಡಿಯ ಎರಡೂ ಬದಿಗೆ ಜೋಡಿ ಜೋಡಿಯಾಗಿ ಪುಟ್ಟ ಎಲೆಗಳು, ಮೇಲೆಲ್ಲ ರೇಷ್ಮೆಯಂತಹ ಬಿಳಿಯ ನಯವಾದ ಕೂದಲು. ಗೆಣ್ಣಿನಲ್ಲಿ ಎದುರುಬದುರಾಗಿರುವ ಎರಡು ಎಲೆಗಳಲ್ಲಿ ಸಾಮಾನ್ಯವಾಗಿ ಒಂದು ದೊಡ್ಡದು, ಒಂದು ಚಿಕ್ಕದು. ಐದು ಎಸಳಿನ ಹಳದಿ ಹೂವು ಒಂಟಿಯಾಗಿ ಬಿಡುತ್ತದೆ. ಕಾಯಿ ಐದು ಹೋಳುಗಳಾಗಿ ಒಡೆಯುತ್ತದೆ. ಒಂದೊಂದು ಹೋಳಿಗೂ ಎರಡು ಉದ್ದನೆಯ ಮುಳ್ಳು, ಎರಡು ಗಿಡ್ಡ ಮುಳ್ಳು. ಒಂದು ಹೋಳನ್ನು ಅಂಗೈಯಲ್ಲಿಟ್ಟು ನೋಡಿ, ಎರಡು ಕೊಂಬಿನ ಆಡಿನ ತಲೆಯಂತೆಯೇ ಇರುತ್ತದೆ.

ಆನೆ ನೆಗ್ಗಿಲು ಎಳ್ಳಿನ ಕುಟುಂಬಕ್ಕೆ ಸೇರಿದ್ದು. ನೆಲಕ್ಕೆ ಹಬ್ಬುವುದಿಲ್ಲ, ಗೇಣು ಒಂದೂವರೆ ಗೇಣು ಎತ್ತರಕ್ಕೆ ಏಳುತ್ತದೆ. ಕಾಂಡ, ಎಲೆಗಳಲ್ಲಿ ನೀರು ತುಂಬಿಕೊಂಡಂತಹ ದಪ್ಪ. ಎಲೆ ಬಿಡಿಬಿಡಿ, ಅಂಚು ಒರಟಾಗಿ ಕಚ್ಚುಕಚ್ಚಾಗಿರುತ್ತದೆ. ಹೂವು ಇದರಲ್ಲಿಯೂ ಹಳದಿಯೇ, ಆದರೆ ಎಳ್ಳಿನ ಹೂವಿನ ಹಾಗೆ ಕೊಳವೆಯಾಕಾರದ್ದು. ಕಾಯಿ ಜೋಲುತ್ತದೆ, ನಾಲ್ಕು ಮೂಲೆಯದು, ಬುಡದ ಕಡೆ ಮೂಲೆಗೊಂದರಂತೆ ನಾಲ್ಕೇ ಮುಳ್ಳು. ಒಣಗಿದರೂ ಸಣ್ಣ ನೆಗ್ಗಿಲಿನಂತೆ ಹೋಳಾಗುವುದಿಲ್ಲ.

ಇಷ್ಟಾದರೂ ಅನುಮಾನ ಉಳಿದರೆ ಮನೆಯಲ್ಲಿಯೇ ಮಾಡಬಹುದಾದ ಒಂದು ಪರೀಕ್ಷೆಯಿದೆ. ಆನೆ ನೆಗ್ಗಿಲಿನ ಹಸಿ ಎಲೆಯಿರುವ ಒಂದು ಟೊಂಗೆಯನ್ನು ಲೋಟದ ತಣ್ಣೀರಿನಲ್ಲಿ ಅದ್ದಿ ಕೆಲವು ನಿಮಿಷ ತಿರುಗಿಸಿ. ನೀರು ಮೊಟ್ಟೆಯ ಬಿಳಿಯಂತೆ ಗಟ್ಟಿಯಾಗಿ, ಲೋಳೆಯಾಗಿ ನಿಲ್ಲುತ್ತದೆ. ಬಣ್ಣವಿಲ್ಲ, ರುಚಿಯೂ ಹೆಚ್ಚೇನಿಲ್ಲ. ಕೆಲವು ಗಂಟೆ ಕಳೆದರೆ ಮತ್ತೆ ತೆಳುವಾಗುತ್ತದೆ. ಸಣ್ಣ ನೆಗ್ಗಿಲು ಹೀಗೆ ಮಾಡುವುದಿಲ್ಲ. ನೀರು ಬೆರೆಸಿದ ಮಜ್ಜಿಗೆಯನ್ನು ಗಟ್ಟಿಯಾಗಿ ಕಾಣಿಸಲು ಮಾರುವವರು ಈ ಉಪಾಯವನ್ನು ಬಳಸುತ್ತಿದ್ದರೆಂದು ಹಳೆಯ ಸಸ್ಯಗ್ರಂಥಗಳು ಬರೆದಿವೆ. ಔಷಧಿಯ ಗುಣಕ್ಕಿಂತ ಮೊದಲು ಈ ಗುಣವನ್ನೇ ಕಂಡುಹಿಡಿದಿದ್ದರೋ ಏನೋ!

ಮುಳ್ಳಿನ ಗಿಡಗಳಲ್ಲಿ ಇನ್ನೆರಡರ ಬಗೆಗೆ ಎಚ್ಚರ ಹೇಳಬೇಕು. ಕೆರೆ ಅಂಗಳದ ಜವುಗಿನಲ್ಲಿ ಗೆಣ್ಣುಗೆಣ್ಣಿಗೂ ಉದ್ದ ಮುಳ್ಳು, ನೇರಳೆ ಹೂವು ಇರುವುದು ಕೊಳವಳಿಕೆ. ಇದನ್ನೂ ಮೂತ್ರದ ತೊಂದರೆಗೆ ಬಳಸುತ್ತಾರೆ. ಆದರೆ ಇದು ನೆಗ್ಗಿಲು ಅಲ್ಲ. ಹಳದಿ ಹೂವು, ಬಿಳಿ ಗೆರೆಗಳ ಮುಳ್ಳು ಎಲೆ, ಮುರಿದರೆ ಹಳದಿ ಹಾಲು ಬರುವುದು ಅರಿಶಿನ ಉಮ್ಮತ್ತ. ಇದರ ಹತ್ತಿರವೂ ಹೋಗಬೇಡಿ. 1998ರಲ್ಲಿ ದೆಹಲಿಯಲ್ಲಿ ಸಾಸಿವೆ ಎಣ್ಣೆಗೆ ಇದರ ಬೀಜದ ಎಣ್ಣೆ ಬೆರೆತು ಹಲವರು ಮೈ ಊದಿಕೊಂಡು ಪ್ರಾಣ ಕಳೆದುಕೊಂಡರು.

ಆಯುರ್ವೇದ ಏನು ಹೇಳುತ್ತದೆ?

ಗೋಕ್ಷುರ ದಶಮೂಲಗಳಲ್ಲಿ ಒಂದು. ಚರಕ ಸಂಹಿತೆ ಇದನ್ನು ಮೂತ್ರ ಕಟ್ಟಿ ಉರಿಯುವ ತೊಂದರೆಗೆ ಶ್ರೇಷ್ಠವಾದ ದ್ರವ್ಯಗಳ ಸಾಲಿನಲ್ಲಿ ಎಣಿಸಿದೆ. ಅಂಗಡಿಗಳಲ್ಲಿ ಸಿಗುವ ಗೋಕ್ಷುರಾದಿ ಗುಗ್ಗುಳು ಇದರಿಂದಲೇ ಆದದ್ದು. ಇಲ್ಲಿ ಗೋಕ್ಷುರವೆಂದರೆ ಸಣ್ಣ ನೆಗ್ಗಿಲು. ಆನೆ ನೆಗ್ಗಿಲಿಗೆ ಬೃಹತ್ ಗೋಕ್ಷುರವೆಂಬ ಬೇರೆ ಹೆಸರಿದೆ. ಎರಡೂ ಮೂತ್ರದ ಕಾಯಿಲೆಗಳಿಗೇ ಬಳಕೆಯಾಗುವುದರಿಂದ ಒಂದರ ಬದಲು ಇನ್ನೊಂದು ಕೊಡುವ ರೂಢಿ ಬೆಳೆದಿದೆ. ವ್ಯತ್ಯಾಸವೆಂದರೆ, ಸಣ್ಣದು ಮೂತ್ರವನ್ನು ಹೆಚ್ಚಿಸಲು ಹೆಸರಾದದ್ದು. ದೊಡ್ಡದು ಲೋಳೆಯಿಂದಾಗಿ ಉರಿಯನ್ನು ತಂಪು ಮಾಡಲು ಹೆಸರಾದದ್ದು. ದಶಮೂಲಕ್ಕೆ ಬೇಕಾದದ್ದು ಸಣ್ಣದರ ಬೇರು. ಮನೆಯ ಕಷಾಯಕ್ಕೆ ಬಳಸುವುದು ಕಾಯಿ.

ಭಾರತದ ಆಯುರ್ವೇದ ಔಷಧ ಸಂಹಿತೆಯಲ್ಲಿ ಗೋಕ್ಷುರದ ಕಾಯಿಯ ಪುಡಿಗೆ ದಿನಕ್ಕೆ 3ರಿಂದ 6 ಗ್ರಾಂ, ಕಷಾಯಕ್ಕೆ 20ರಿಂದ 30 ಗ್ರಾಂ ಎಂದು ಪ್ರಮಾಣ ಕೊಟ್ಟಿದೆ. ಇದು ವಯಸ್ಕರ ಪ್ರಮಾಣ, ಅದೂ ವೈದ್ಯರು ನೋಡಿ ನಿರ್ಧರಿಸಬೇಕಾದದ್ದು. ಕಷಾಯವನ್ನು ಸಾಮಾನ್ಯವಾಗಿ ಹೀಗೆ ಮಾಡುತ್ತಾರೆ: ತರಿತರಿಯಾಗಿ ಕುಟ್ಟಿದ ಕಾಯಿಯನ್ನು ನಾಲ್ಕು ಲೋಟ ನೀರಿಗೆ ಹಾಕಿ ಸಣ್ಣ ಉರಿಯಲ್ಲಿ ಒಂದು ಲೋಟಕ್ಕೆ ಇಳಿಸಿ, ಸೋಸಿ, ಎರಡು ಹೊತ್ತಿಗೆ ಹಂಚಿಕೊಂಡು ಕುಡಿಯುವುದು. ಕುಟ್ಟುವ ಮೊದಲು ಬಾಣಲೆಯಲ್ಲಿ ಬೆಚ್ಚಗೆ ಮಾಡಿಕೊಂಡರೆ ಮುಳ್ಳು ಗರಿಗರಿಯಾಗಿ ಸುಲಭವಾಗಿ ಪುಡಿಯಾಗುತ್ತದೆ. ಪುಡಿಯನ್ನೇ ಸೇವಿಸುವುದಾದರೆ ಬಟ್ಟೆಯಲ್ಲಿ ಜಾಲಿಸದೆ ಬಾಯಿಗೆ ಹಾಕಬೇಡಿ. ಮುಳ್ಳಿನ ಚೂರು ಗಂಟಲಿಗೆ ಚುಚ್ಚಿಕೊಳ್ಳುವುದು ಹಾಸ್ಯದ ಮಾತಲ್ಲ.

ನಮ್ಮ ಜಿಲ್ಲೆಯವರು ಮಾತ್ರ ಯೋಚಿಸಬೇಕಾದ ಇನ್ನೊಂದು ವಿಷಯವಿದೆ: ನೀರು. ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ ಕೊಳವೆ ಬಾವಿಗಳು ಸಾವಿರ ಅಡಿಯನ್ನೂ ದಾಟಿ ಇಳಿದಿವೆ. ಹಲವು ಹಳ್ಳಿಗಳ ನೀರಿನಲ್ಲಿ ಫ್ಲೋರೈಡ್ ಮಿತಿ ಮೀರಿದೆ. ಬೇರೆ ಮೂಲವೇ ಇಲ್ಲದಿದ್ದಾಗಲೂ ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದೆಂಬುದು ನಮ್ಮ ದೇಶದ ನಿಯಮ. ಕುದಿಸಿದರೆ ರೋಗಾಣು ಸಾಯುತ್ತದೆ, ಫ್ಲೋರೈಡ್ ಹೋಗುವುದಿಲ್ಲ. ನಾಲ್ಕು ಲೋಟ ಕೊಳವೆ ಬಾವಿ ನೀರನ್ನು ಒಂದು ಲೋಟಕ್ಕೆ ಇಳಿಸಿದಿರೆಂದರೆ ಆ ನಾಲ್ಕು ಲೋಟದ ಫ್ಲೋರೈಡ್ ಪೂರ್ತಿ ಆ ಒಂದು ಲೋಟದಲ್ಲಿಯೇ ಉಳಿಯುತ್ತದೆ. ಮೂತ್ರಪಿಂಡಕ್ಕೆ ಒಳ್ಳೆಯದಾಗಲೆಂದು ಕುಡಿಯುವ ಕಷಾಯ ಮೂಳೆಗೂ ಹಲ್ಲಿಗೂ ಹೊರೆಯಾಗಬಾರದಲ್ಲವೆ? ಆದ್ದರಿಂದ ಕಷಾಯಕ್ಕೆ ಶುದ್ಧೀಕರಣ ಘಟಕದ ನೀರನ್ನೋ, ಶುಚಿಯಾಗಿ ಹಿಡಿದಿಟ್ಟ ಮಳೆನೀರನ್ನೋ ಬಳಸಿ.

ಕಲ್ಲಿನ ವಿಷಯ

ನೆಗ್ಗಿಲು ಕಲ್ಲನ್ನು ಕರಗಿಸುತ್ತದೆಯೆ? ಈ ಪ್ರಶ್ನೆಗೆ ನೇರವಾಗಿಯೇ ಉತ್ತರಿಸುತ್ತೇನೆ. ಪ್ರಯೋಗಶಾಲೆಯಲ್ಲಿ, ಇಲಿಗಳಲ್ಲಿ ನಡೆದ ಪರೀಕ್ಷೆಗಳಲ್ಲಿ ನೆಗ್ಗಿಲಿನ ಸಾರ ಕಲ್ಲಿನ ಹರಳುಗಳು ಬೆಳೆಯುವುದನ್ನು ತಡೆದದ್ದು ಕಂಡುಬಂದಿದೆ. ಆದರೆ ಮನುಷ್ಯರಲ್ಲಿ ಆಗಲೇ ಬೆಳೆದು ಕುಳಿತಿರುವ ಕಲ್ಲನ್ನು ಇದು ಕರಗಿಸುತ್ತದೆಂದು ಭರವಸೆಯಿಂದ ಹೇಳುವಂತಹ ಪುರಾವೆಯಿಲ್ಲ. ಹಾಗಾದರೆ "ನನಗೆ ಬಿದ್ದು ಹೋಯಿತು" ಎನ್ನುವವರು ಸುಳ್ಳು ಹೇಳುತ್ತಿದ್ದಾರೆಯೆ? ಇಲ್ಲ. ಮೂತ್ರನಾಳಕ್ಕೆ ಇಳಿದ 5 ಮಿಲಿಮೀಟರಿಗಿಂತ ಚಿಕ್ಕ ಕಲ್ಲುಗಳಲ್ಲಿ ಹೆಚ್ಚಿನವು ಯಾವ ಔಷಧಿಯೂ ಇಲ್ಲದೆ, ನೀರು ಕುಡಿಯುತ್ತಿದ್ದರೆ ತಾವಾಗಿಯೇ ಬೀಳುತ್ತವೆ. ಆ ದಿನಗಳಲ್ಲಿ ಯಾರು ಏನು ಕುಡಿಯುತ್ತಿದ್ದರೋ ಹೆಸರು ಅದಕ್ಕೆ ಹೋಗುತ್ತದೆ. ಬಾಳೆದಿಂಡಿಗೂ ಹುರುಳಿ ಕಟ್ಟಿಗೂ ಬಾರ್ಲಿ ನೀರಿಗೂ ಹೀಗೆಯೇ ಹೆಸರು ಬಂದಿದೆ. 10 ಮಿಲಿಮೀಟರ್ ದಾಟಿದ ಕಲ್ಲು ತಾನಾಗಿ ಬೀಳುವುದು ಅಪರೂಪ.

ಇನ್ನು, ದಯವಿಟ್ಟು ಮನೆಮಂದಿಯೆಲ್ಲ ನೆನಪಿಟ್ಟುಕೊಳ್ಳಬೇಕಾದ ಮಾತೊಂದಿದೆ. ನೋವು ನಿಂತಿತೆಂದರೆ ಕಲ್ಲು ಹೋಯಿತೆಂದು ಅರ್ಥವಲ್ಲ. ಕಲ್ಲು ಮೂತ್ರನಾಳದಲ್ಲಿ ಅಡ್ಡಲಾಗಿ ಸಿಕ್ಕಿಕೊಂಡಾಗ ಮೊದಲು ಪ್ರಾಣ ಹೋಗುವಂತಹ ನೋವು ಬರುತ್ತದೆ. ಕೆಲವು ದಿನಗಳಲ್ಲಿ ಆ ನೋವು ತಾನಾಗಿ ತಗ್ಗಬಹುದು. ಆದರೆ ಕಲ್ಲು ಅಲ್ಲಿಯೇ ಇದ್ದು, ಮೂತ್ರ ಹಿಂದಕ್ಕೆ ಒತ್ತಿ, ಮೂತ್ರಪಿಂಡ ಊದಿ, ಸದ್ದಿಲ್ಲದೆ ಕೆಲಸ ಕಳೆದುಕೊಳ್ಳುತ್ತಾ ಹೋಗಬಹುದು. ಕಷಾಯ ಕುಡಿದು ನೋವು ಹೋಯಿತೆಂದು ಆರು ತಿಂಗಳು ಸುಮ್ಮನಿದ್ದು, ಆಮೇಲೆ ಒಂದು ಮೂತ್ರಪಿಂಡವೇ ನಿಷ್ಪ್ರಯೋಜಕವಾಗಿದೆಯೆಂದು ತಿಳಿಯುವ ಪ್ರಸಂಗ ಬರುವುದು ಹೀಗೆಯೇ. ಆದ್ದರಿಂದ ಕಲ್ಲು ಬಿದ್ದದ್ದನ್ನು ಕಣ್ಣಾರೆ ನೋಡಿದ್ದರೂ ಸರಿ, ನೋಡದಿದ್ದರೂ ಸರಿ, ವೈದ್ಯರು ಹೇಳಿದ ಹೊತ್ತಿಗೆ ಮತ್ತೊಂದು ಸ್ಕ್ಯಾನಿಂಗ್ ಮಾಡಿಸಲೇಬೇಕು.

ಚಳಿ ನಡುಕದೊಡನೆ ಜ್ವರ, ಮೂತ್ರ ಪೂರ್ತಿ ನಿಲ್ಲುವುದು, ಬಿಡದ ವಾಂತಿ, ಮೂತ್ರದಲ್ಲಿ ರಕ್ತ ಕಂಡರೆ ಕಷಾಯದ ಪಾತ್ರೆ ಒಲೆಗೆ ಇಡುವ ಹೊತ್ತಲ್ಲ ಅದು. ಅಂದೇ ಆಸ್ಪತ್ರೆಗೆ ಹೋಗಬೇಕು. ಕಲ್ಲಿನ ಜೊತೆ ಜ್ವರ ಬಂದರೆ ಒಳಗೆ ಕೀವಾಗಿರಬಹುದು, ಒಂದೆರಡು ದಿನ ತಡವಾದರೂ ಪ್ರಾಣಕ್ಕೆ ಅಪಾಯ. ಒಂದೇ ಮೂತ್ರಪಿಂಡ ಇರುವವರು, ಬಸುರಿಯರು, ಸಕ್ಕರೆ ಕಾಯಿಲೆಯವರು ಇನ್ನೂ ಬೇಗ ಎಚ್ಚೆತ್ತುಕೊಳ್ಳಬೇಕು.

ಉರಿಮೂತ್ರದ ಬಗೆಗೂ ಒಂದು ಮಾತು. ಬಿಸಿಲಿನಲ್ಲಿ ಕೆಲಸ ಮಾಡಿ, ನೀರು ಕಡಿಮೆ ಕುಡಿದು, ಮೂತ್ರ ಗಾಢ ಹಳದಿಯಾಗಿ ಉರಿದರೆ ಅದಕ್ಕೆ ಮೊದಲ ಔಷಧಿ ನೀರೇ. ಆದರೆ ಹೆಂಗಸರಲ್ಲಿ ಪದೇ ಪದೇ ಉರಿ, ಗಳಿಗೆಗೊಮ್ಮೆ ಹೋಗಬೇಕೆನಿಸುವುದು, ಕಿಬ್ಬೊಟ್ಟೆ ನೋವು ಇದ್ದರೆ ಅದು ಬಹುಮಟ್ಟಿಗೆ ಸೋಂಕು. ಹೊಲದಲ್ಲಿ, ಬಸ್ಸಿನಲ್ಲಿ, ಕಾರ್ಖಾನೆಯಲ್ಲಿ ಶೌಚಾಲಯವಿಲ್ಲದೆ ಗಂಟೆಗಟ್ಟಲೆ ತಡೆದುಕೊಳ್ಳುವುದು, ಅದಕ್ಕಾಗಿಯೇ ನೀರು ಕುಡಿಯದಿರುವುದು ನಮ್ಮ ಹೆಂಗಸರಿಗೆ ಅಂಟಿದ ಶಾಪ. ಮೂತ್ರ ಪರೀಕ್ಷೆ ಮಾಡಿಸಿ ಸರಿಯಾದ ಔಷಧಿ ತೆಗೆದುಕೊಂಡರೆ ವಾಸಿಯಾಗುವ ಈ ತೊಂದರೆಯನ್ನು ಕಷಾಯದಿಂದ ಮುಚ್ಚಿಡಬಾರದು. ಎರಡು ಮೂರು ದಿನದಲ್ಲಿ ಉರಿ ತಗ್ಗದಿದ್ದರೆ ಪರೀಕ್ಷೆ ಮಾಡಿಸಿ.

ಯಾರು ಕುಡಿಯಬಾರದು? ಬಸುರಿಯರು, ಮೊಲೆಯುಣಿಸುವ ತಾಯಂದಿರು, ಮಕ್ಕಳು, ಮೂತ್ರಪಿಂಡ ಈಗಾಗಲೇ ದುರ್ಬಲವಾಗಿ ಕ್ರಿಯಾಟಿನಿನ್ ಏರಿದವರು ತಾವಾಗಿಯೇ ಕುಡಿಯಕೂಡದು. ರಕ್ತದೊತ್ತಡಕ್ಕೆ, ಸಕ್ಕರೆ ಕಾಯಿಲೆಗೆ ಮಾತ್ರೆ ನುಂಗುವವರು ತಮ್ಮ ವೈದ್ಯರಿಗೆ ಹೇಳಿಯೇ ಆರಂಭಿಸಬೇಕು. "ಗಿಡಮೂಲಿಕೆಯಲ್ಲವೆ, ಏನೂ ಆಗುವುದಿಲ್ಲ" ಎಂಬ ಮಾತನ್ನು ನಂಬಬೇಡಿ. 2010ರಲ್ಲಿ ಇರಾನಿನ ವೈದ್ಯರು ಒಂದು ಪ್ರಕರಣವನ್ನು ವರದಿ ಮಾಡಿದರು. ಕಲ್ಲು ಬಾರದಿರಲೆಂದು ನೆಗ್ಗಿಲಿನ ನೀರನ್ನು ದಿನಕ್ಕೆ ಎರಡು ಲೀಟರಿನಂತೆ ಎರಡು ದಿನ ಕುಡಿದ ಯುವಕನೊಬ್ಬನಿಗೆ ಫಿಟ್ಸ್ ಬಂದು, ಯಕೃತ್ತು ಮತ್ತು ಮೂತ್ರಪಿಂಡ ಎರಡಕ್ಕೂ ಏಟು ಬಿದ್ದಿತ್ತು. ಯಾವ ಮೂತ್ರಪಿಂಡವನ್ನು ಕಾಪಾಡಿಕೊಳ್ಳಲು ಹೊರಟಿದ್ದನೋ ಅದಕ್ಕೇ! ಕುರಿಗಳೂ ಇದಕ್ಕೆ ಹೊರತಲ್ಲ. ದಕ್ಷಿಣ ಆಫ್ರಿಕದಲ್ಲಿ ನೆಗ್ಗಿಲು ಹೆಚ್ಚಾಗಿ ಮೇಯ್ದ ಕುರಿಗಳಿಗೆ ಮುಖ ಊದಿ, ಕಣ್ಣು ಹಳದಿಯಾಗಿ ಸಾಯುವ ಕಾಯಿಲೆ ಬಹಳ ಹಿಂದಿನಿಂದಲೂ ಪರಿಚಿತ.

ವ್ಯಾಯಾಮಶಾಲೆಗೆ ಹೋಗುವ ಹುಡುಗರಿರುವ ಮನೆಯವರು ಇದನ್ನೂ ಓದಿ. ದುಬಾರಿ ಡಬ್ಬಗಳಲ್ಲಿ ಟ್ರಿಬ್ಯುಲಸ್ ಎಂದು ಮಾರುತ್ತಿರುವುದು ಇದೇ ನಮ್ಮ ನೆಗ್ಗಿಲು. ಗಂಡಸುತನದ ಹಾರ್ಮೋನು ಹೆಚ್ಚಾಗಿ ಮಾಂಸಖಂಡ ಉಬ್ಬುತ್ತದೆಂಬುದು ಜಾಹೀರಾತಿನ ಮಾತು. ಆರೋಗ್ಯವಂತ ಯುವಕರ ಮೇಲೆ ನಡೆದ ಪರೀಕ್ಷೆಗಳಲ್ಲಿ ಹಾರ್ಮೋನು ಹೆಚ್ಚಿದ್ದು ಕಂಡುಬಂದಿಲ್ಲ. ಆ ದುಡ್ಡಿಗೆ ಮೊಟ್ಟೆ, ಕಡಲೆಕಾಯಿ, ಹಾಲು ಕೊಡಿಸಿ.

ಬೆಳೆಸುವವರಿಗೆ

ಕಳೆಯೆಂದು ಕಿತ್ತೆಸೆಯುವ ಗಿಡವನ್ನು ಬೆಳೆಸುವುದೇಕೆಂದು ಕೇಳಬಹುದು. ಅಮೆರಿಕದಲ್ಲಿ ಈ ಸಣ್ಣ ನೆಗ್ಗಿಲಿನ ಕಾಟ ತಾಳಲಾರದೆ 1961ರಲ್ಲಿ ಅದನ್ನು ತಿನ್ನುವ ಮೂತಿಹುಳುಗಳನ್ನು ಹೊರದೇಶದಿಂದ ತರಿಸಿ ಬಿಟ್ಟರು! ಆದರೂ ಬೆಳೆಸಲು ಕಾರಣವಿದೆ. ರಸ್ತೆ ಬದಿಯ ಗಿಡದಲ್ಲಿ ವಾಹನಗಳ ಹೊಗೆ, ದ್ರಾಕ್ಷಿ ಮತ್ತು ಟೊಮೆಟೊ ತೋಟದ ಬದುವಿನಲ್ಲಿ ಕೀಟನಾಶಕ, ಕಳೆನಾಶಕ. ಬೆಂಗಳೂರಿನಿಂದ ಸಂಸ್ಕರಿಸಿದ ಕೊಳಚೆ ನೀರು ಬಂದು ತುಂಬುವ ಕೆರೆಗಳ ಅಂಚಿನಲ್ಲಿಯೂ ಔಷಧಿಯ ಗಿಡ ಕೀಳದಿರುವುದೇ ಲೇಸು.

ಸಣ್ಣ ನೆಗ್ಗಿಲಿಗೆ ಬೇಕಾದದ್ದು ಬಿಸಿಲು ಮತ್ತು ನೀರು ನಿಲ್ಲದ ಮರಳು ಮಿಶ್ರಿತ ಕೆಂಪು ಮಣ್ಣು, ಅಷ್ಟೆ. ಹಿಂದಿನ ವರ್ಷದ ಬಲಿತು ಒಣಗಿದ ಕಾಯಿಯ ಹೋಳುಗಳನ್ನು ಮುಂಗಾರಿನ ಮೊದಲ ಮಳೆಯಾದ ಮೇಲೆ ಒಂದು ಬೆರಳಿನ ಗೆಣ್ಣಿನಷ್ಟು ಆಳಕ್ಕೆ ಊರಿ. ಸಿಪ್ಪೆ ಗಟ್ಟಿಯಾದ್ದರಿಂದ ಕೆಲವು ಬೇಗ ಮೊಳೆಯುತ್ತವೆ, ಕೆಲವು ಮುಂದಿನ ವರ್ಷಕ್ಕೆ ಎದ್ದು ಬರುತ್ತವೆ. ಗೊಬ್ಬರ ಹೆಚ್ಚು ಹಾಕಿದರೆ ಎಲೆಯಷ್ಟೇ ಬೆಳೆಯುತ್ತದೆ. ಅಗಲವಾದ ಕುಂಡದಲ್ಲಿ, ಕಟ್ಟೆಯ ಮೇಲೆ ಇಟ್ಟು ಬೆಳೆಸುವುದು ಒಳ್ಳೆಯದು. ಅಂಗಳದಲ್ಲಿ ಬಿಟ್ಟರೆ ಮಕ್ಕಳು ಆಡುವ ಜಾಗ ನಿಮ್ಮ ಕೈತಪ್ಪಿತೆಂದೇ ತಿಳಿಯಿರಿ. ಕಾಯಿ ಹಸಿರು ಕಳೆದು ಹಳದಿಗೆ ತಿರುಗುವಾಗ, ಹೋಳಾಗಿ ಉದುರುವ ಮೊದಲೇ ಬಳ್ಳಿಯನ್ನು ಬೇರುಸಮೇತ ಕಿತ್ತು ಗೋಣಿತಟ್ಟಿನ ಮೇಲೆ ನೆರಳಿನಲ್ಲಿ ಒಣಗಿಸಿ ಬಡಿಯಬೇಕು. ಬೇರನ್ನು ತೊಳೆದು ಬೇರೆಯಾಗಿ ಒಣಗಿಸಿ.

ಆನೆ ನೆಗ್ಗಿಲಿಗೆ ಮಣ್ಣಿನ ಜೊತೆ ಅರ್ಧಕ್ಕರ್ಧ ಮರಳು ಬೆರೆಸಿ. ಎಳ್ಳಿನ ಹಾಗೆ ಇದಕ್ಕೂ ಕಾವು ಬೇಕು, ಚಳಿ ಆಗದು. ಡಿಸೆಂಬರ್, ಜನವರಿಯಲ್ಲಿ ನಂದಿಯ ಕಡೆಯಿಂದ ಬೀಸುವ ಗಾಳಿಗೆ ಗಿಡ ಸೊರಗಿದರೆ ಆಶ್ಚರ್ಯವಿಲ್ಲ. ಬೇಸಿಗೆಯ ಕೊನೆಯಲ್ಲಿ ಬಿತ್ತಿದರೆ ಮಳೆಗಾಲದಲ್ಲಿ ಲೋಳೆ ತುಂಬಿದ ಎಲೆ ಸಿಗುತ್ತದೆ. ಉರಿಗೆ ಇದರ ಹಸಿ ಟೊಂಗೆಯನ್ನು ಚೆನ್ನಾಗಿ ತೊಳೆದು ಶುದ್ಧವಾದ ತಣ್ಣೀರಿನಲ್ಲಿ ತಿರುಗಿಸಿ, ಸೋಸಿ, ಆಗಲೇ ಕುಡಿಯಬೇಕು. ಮಾಡಿಟ್ಟರೆ ಲೋಳೆ ಹೋಗುತ್ತದೆ.

ಗಿಡ ಯಾವುದೆಂಬ ಅನುಮಾನ ಉಳಿದರೆ ಬೆಂಗಳೂರಿನ ಯಲಹಂಕದ ಬಳಿ, ಜಾರಕಬಂಡೆ ಕಾವಲ್‌ನಲ್ಲಿರುವ ಎಫ್.ಆರ್.ಎಲ್.ಎಚ್.ಟಿ. ಸಂಸ್ಥೆಯಲ್ಲಿ ಔಷಧಿ ಸಸ್ಯಗಳ ತೋಟವೂ ಒಣಗಿಸಿಟ್ಟ ಸಸ್ಯ ಮಾದರಿಗಳ ಸಂಗ್ರಹವೂ ಇವೆ. ಚಿಕಿತ್ಸೆಯ ಸಲಹೆಗೆ ಧನ್ವಂತರಿ ರಸ್ತೆಯ ಸರ್ಕಾರಿ ಆಯುರ್ವೇದ ಆಸ್ಪತ್ರೆಯಿದೆ. ಹತ್ತಿರದ ಸರ್ಕಾರಿ ಆಯುಷ್ ವೈದ್ಯರನ್ನೂ ಕೇಳಬಹುದು. ಹೋಗುವಾಗ ಸ್ಕ್ಯಾನಿಂಗ್ ವರದಿಯನ್ನು, ನೀವು ನುಂಗುತ್ತಿರುವ ಮಾತ್ರೆಗಳ ಚೀಟಿಯನ್ನು, ಅಂಗಡಿಯಿಂದ ತಂದ ಮುಳ್ಳಿನ ಪೊಟ್ಟಣವನ್ನು ಜೊತೆಗೇ ಒಯ್ಯಿರಿ.

ಅಂದ ಹಾಗೆ, ಕಷಾಯ ಸೋಸಿದ ಮೇಲೆ ಉಳಿಯುವ ಚರಟವನ್ನು ಹಿತ್ತಲಿಗೆ ಚೆಲ್ಲಬೇಡಿ. ಬೆಂದರೂ ಮುಳ್ಳು ಮುಳ್ಳೇ. ಕುಟ್ಟುವಾಗ ಸಿಡಿದ ಹೋಳುಗಳನ್ನು ಗುಡಿಸಿ ಒಲೆಗೆ ಹಾಕಿ. ತಿಪ್ಪೆಗೆ ಹೋದರೆ ಗೊಬ್ಬರದ ಜೊತೆ ಹೊಲಕ್ಕೆ ಹೋಗಿ, ಬರುವ ಮುಂಗಾರಿಗೆ ಕಳೆ ಕೀಳುವವರ ಕಾಲಿಗೇ ಚುಚ್ಚುತ್ತದೆ.